ಪಥ್ಯ ಬರೆಯುವ ವಿದ್ಯೆ

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಕಡೆಯ ಒಬ್ಬ ಅಜ್ಜನಿಗೆ ಸಕ್ಕರೆ ಕಾಯಿಲೆ ಬಂದಿದೆ ಎಂದುಕೊಳ್ಳಿ. ಊರಿಂದ ದೂರದ ದೊಡ್ಡಾಸ್ಪತ್ರೆಯಲ್ಲಿ ಅವನ ಕೈಗೆ ಅಚ್ಚು ಹಾಕಿದ ಪಟ್ಟಿಯೊಂದನ್ನು ಕೊಡುತ್ತಾರೆ. ಬೆಳಿಗ್ಗೆ ಓಟ್ಸ್, ಹತ್ತು ಗಂಟೆಗೆ ಸೇಬು, ಮಧ್ಯಾಹ್ನ ಎರಡು ಚಪಾತಿ, ಜೊತೆಗೆ ಸಲಾಡ್. ಅಜ್ಜ ಉಣ್ಣುವುದು ಬೆಳಿಗ್ಗೆ ಜೋಳದ ರೊಟ್ಟಿ, ಮಧ್ಯಾಹ್ನ ಹೊಲದಲ್ಲಿ ಬುತ್ತಿ, ರಾತ್ರಿ ಮುದ್ದೆ ಇಲ್ಲವೇ ಅನ್ನ. ಪಟ್ಟಿ ಗೋಡೆಯ ಗೂಡು ಸೇರುತ್ತದೆ. ಸಕ್ಕರೆ ಇಳಿಯುವುದಿಲ್ಲ.

ಆ ಪಟ್ಟಿ ಬರೆದವರಿಗೆ ಶಾಸ್ತ್ರ ಗೊತ್ತಿತ್ತು, ಅಜ್ಜನ ಒಲೆ ಗೊತ್ತಿರಲಿಲ್ಲ. ಮನೆಯವರಿಗೆ ಒಲೆ ಗೊತ್ತು, ಶಾಸ್ತ್ರ ಗೊತ್ತಿಲ್ಲ. ಎರಡನ್ನೂ ಬಲ್ಲವರೇ ನಿಜವಾದ ಪಥ್ಯಾಹಾರ ತಜ್ಞರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮಕ್ಕಳಿಗೆ ಒಲೆಯ ಅರಿವು ಹುಟ್ಟಿನಿಂದಲೇ ಬಂದಿದೆ. ಶಾಸ್ತ್ರವನ್ನು ಎಲ್ಲಿ, ಹೇಗೆ ಕಲಿಯಬೇಕು ಎಂಬುದನ್ನು ಈ ಅಧ್ಯಾಯದಲ್ಲಿ ನೋಡೋಣ.

ಹೊಟ್ಟೆ ತುಂಬಿದರೆ ಸಾಲದು

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಭಾರತದ 528 ಆಹಾರಗಳನ್ನು ಪರೀಕ್ಷಿಸಿ, ಯಾವುದರಲ್ಲಿ ಏನು ಎಷ್ಟಿದೆ ಎಂಬ ಕೋಷ್ಟಕಗಳನ್ನು ಪ್ರಕಟಿಸಿತು. ಅದರ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣ ಇದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ ಪ್ರೋಟೀನ್ 8 ಗ್ರಾಂ, ನಾರು 3 ಗ್ರಾಂಗೂ ಕಡಿಮೆ, ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ಹೊಟ್ಟೆ ಎರಡರಿಂದಲೂ ತುಂಬುತ್ತದೆ, ಆದರೆ ಮೈಗೆ ಸಿಗುವುದು ಒಂದೇ ಅಲ್ಲ.

ಜೋಳದಲ್ಲಿ ಕಬ್ಬಿಣ ಇದೆ ಎಂದ ಮಾತ್ರಕ್ಕೆ ಅದೆಲ್ಲ ರಕ್ತ ಸೇರುವುದಿಲ್ಲ. ಕಾಳಿನಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟದ ಜೊತೆ ನಿಂಬೆರಸ ಇದ್ದರೆ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ, ಉಂಡ ತಕ್ಷಣ ಚಹಾ ಕುಡಿದರೆ ಕಡಿಮೆಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಊಟದ ನಂತರದ ಒಂದು ಲೋಟ ಚಹಾ ಕೂಡ ಈ ವಿದ್ಯೆಗೆ ಯಾಕೆ ದೊಡ್ಡ ವಿಷಯವೋ ಈ ಅಂಕಿಗಳು ಹೇಳುತ್ತವೆ.

ಜೋಳದ ನಾಡು ಕಲಿಸಿದ ಪಾಠ

ದಖ್ಖನಿನ ಬಡ ಜೋಳದೂಟದವರಲ್ಲಿ ಹಿಂದೆ ಪೆಲಾಗ್ರ ಎಂಬ ರೋಗ ಕಾಣಿಸಿಕೊಳ್ಳುತ್ತಿತ್ತು. ಬಿಸಿಲು ಬೀಳುವ ಕೈ, ಕಾಲು, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ ಹತ್ತುವುದು, ಕೊನೆಗೆ ಬುದ್ಧಿ ಮಂಕಾಗುವುದು ಅದರ ಲಕ್ಷಣ. ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ ಅದು ಬರುತ್ತದೆ. ಆದರೆ ಜೋಳದಲ್ಲಿ ನಯಾಸಿನ್ ತೀರಾ ಕಡಿಮೆಯೇನಿಲ್ಲ. ಹಾಗಿದ್ದರೆ ರೋಗ ಯಾಕೆ? ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಒಂದು ಕಾರಣವನ್ನು ಮುಂದಿಟ್ಟರು. ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಂಶ ಅತಿಯಾಗಿದ್ದು, ದೇಹ ನಯಾಸಿನ್ ಬಳಸಿಕೊಳ್ಳುವುದಕ್ಕೆ ಅದು ಅಡ್ಡಿಯಾಗುತ್ತದೆ ಎಂದರು. ಈ ವಾದದ ಮೇಲೆ ಮುಂದೆ ಸಾಕಷ್ಟು ಚರ್ಚೆ ನಡೆಯಿತು.

ಇದರಿಂದ ಜೋಳ ಕೆಟ್ಟದ್ದು ಎಂದು ತಿಳಿಯಬಾರದು. ಬರೀ ಜೋಳ ತಿಂದು ಬದುಕುವ ಬಡತನ ಕೆಟ್ಟದ್ದು. ರೊಟ್ಟಿಯ ಪಕ್ಕ ಶೇಂಗಾ ಚಟ್ನಿಪುಡಿ, ಹೆಸರುಕಾಳಿನ ಪಲ್ಯ, ಪುಂಡಿಪಲ್ಲೆ, ಒಂದು ಬಟ್ಟಲು ಮಜ್ಜಿಗೆ ಬಂದರೆ ಊಟ ಸಮತೋಲವಾಗುತ್ತದೆ. ಶೇಂಗಾದಲ್ಲಿ ನಯಾಸಿನ್ ಹೇರಳ, ಪ್ರೋಟೀನ್ 100 ಗ್ರಾಮಿಗೆ 23 ಗ್ರಾಂ ಮೀರುತ್ತದೆ. ನಮ್ಮ ಹಿರಿಯರು ರೂಢಿಯಿಂದ ಜೋಡಿಸಿದ್ದನ್ನು ವಿಜ್ಞಾನ ಕಾರಣ ಕೊಟ್ಟು ವಿವರಿಸುತ್ತದೆ. ಕಾರಣ ಗೊತ್ತಿದ್ದರೆ ಮಾತ್ರ ಅದೇ ತಟ್ಟೆಯನ್ನು ಬಸುರಿಗೊಂದು ಬಗೆ, ಮೂತ್ರಪಿಂಡದ ರೋಗಿಗೊಂದು ಬಗೆ ಬದಲಿಸಬಹುದು.

ಎಲ್ಲಿ, ಏನು ಓದಬೇಕು

ಪಿಯುಸಿಯಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ ಇರುವ ವಿಜ್ಞಾನ ವಿಭಾಗ ಓದಿದವರಿಗೆ ದಾರಿ ಸಲೀಸು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜು ಹಿಂದೆ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಎಂದು ಹೆಸರಾಗಿತ್ತು. ಅಲ್ಲಿ ನಾಲ್ಕು ವರ್ಷದ ಬಿಎಸ್ಸಿ ಆನರ್ಸ್ ಪದವಿ ಇದೆ. ಪ್ರವೇಶ ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಹೊಲದಲ್ಲಿ ಬೆಳೆದವರಿಗೆ ಅದು ಅನುಕೂಲ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲೂ ಆಹಾರ ಮತ್ತು ಪೋಷಣೆಯ ಉನ್ನತ ಓದು ಇದೆ.

ಮೊದಲು ಹೆಸರಿಸಿದ ಐದೂ ತಾಲ್ಲೂಕುಗಳು ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯಲ್ಲಿವೆ. ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟುಗಳು ಈ ಭಾಗದವರಿಗೆ ಮೀಸಲು. ಉಪವಿಭಾಗಾಧಿಕಾರಿ ನೀಡುವ ಅರ್ಹತಾ ಪ್ರಮಾಣಪತ್ರ ಬೇಕು. ಸಿಇಟಿ ಅರ್ಜಿ ತುಂಬುವ ಹೊತ್ತಿಗೆ ಅಲೆಯುವುದಕ್ಕಿಂತ ಮೊದಲೇ ಮಾಡಿಸಿಟ್ಟುಕೊಳ್ಳಿ.

ತರಗತಿಯಲ್ಲಿ ಅಡುಗೆ ಒಂದು ಪಾಲು ಮಾತ್ರ. ಜೀವರಸಾಯನಶಾಸ್ತ್ರ, ಅಂಗಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಸಂಖ್ಯಾಶಾಸ್ತ್ರ, ರೋಗಿಗಳ ಆಹಾರ, ಸಮುದಾಯ ಪೋಷಣೆ ಇವೆಲ್ಲ ಇರುತ್ತವೆ. ಅಡುಗೆ ಕಲಿಸುವ ಹೆಣ್ಣುಮಕ್ಕಳ ಕೋರ್ಸ್ ಎಂಬ ಮಾತನ್ನು ಮನೆಯವರು ಬಿಡಬೇಕು. ಇದು ವಿಜ್ಞಾನ, ಗಂಡುಮಕ್ಕಳಿಗೂ ತೆರೆದ ಓದು.

ವಾರ್ಡಿನಲ್ಲಿ ಕಲಿಯುವುದು

ತೀವ್ರ ಅಪೌಷ್ಟಿಕತೆಯ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ತರುತ್ತಾರೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ರಟ್ಟೆಯ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಸ್ಥಿತಿ. ಬಡಕಲಾದ ಮಗು ಎಂದು ಮೊದಲ ದಿನವೇ ಹೊಟ್ಟೆತುಂಬ ಉಣಿಸಿದರೆ ಜೀವಕ್ಕೇ ಅಪಾಯ. ದಣಿದ ದೇಹ ಅಷ್ಟನ್ನು ತಾಳಿಕೊಳ್ಳುವುದಿಲ್ಲ. ಮೊದಲು 100 ಮಿಲಿಲೀಟರಿಗೆ 75 ಕ್ಯಾಲೊರಿ ಇರುವ ಎಫ್-75 ಎಂಬ ಹಾಲನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಚೇತರಿಸಿಕೊಂಡ ಮೇಲೆ 100 ಕ್ಯಾಲೊರಿಯ ಎಫ್-100. ಕರುಣೆಗೂ ಲೆಕ್ಕ ಬೇಕು ಎಂಬುದನ್ನು ವಾರ್ಡು ಕಲಿಸುತ್ತದೆ. ಅದಕ್ಕೇ ಆಸ್ಪತ್ರೆಯ ಇಂಟರ್ನ್‌ಶಿಪ್ಪನ್ನು ಯಾರೂ ತಪ್ಪಿಸಿಕೊಳ್ಳಬಾರದು.

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕೂಡ 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಆಹಾರ ಮತ್ತು ಪೋಷಣೆ, ಪಥ್ಯಾಹಾರದ ಪದವಿಗಳನ್ನು ದೂರಶಿಕ್ಷಣ ಹಾಗೂ ಆನ್‌ಲೈನ್ ಮೂಲಕ ನಡೆಸುವುದನ್ನು ನಿಲ್ಲಿಸಿದೆ. ಮನೆಯಲ್ಲೇ ಕುಳಿತು ಪದವಿ ಕೊಡಿಸುತ್ತೇವೆ ಎನ್ನುವವರಿಗೆ ಹಣ ಕಟ್ಟಬೇಡಿ.

ಓದಿದ ಮೇಲೆ

2021ರ ಕೇಂದ್ರ ಕಾಯಿದೆಯೊಂದು ಪಥ್ಯಾಹಾರ ತಜ್ಞರನ್ನೂ ಪೋಷಣ ತಜ್ಞರನ್ನೂ ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿದೆ. ಭಾರತೀಯ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ ಪಾಸಾದರೆ ನೋಂದಾಯಿತ ಡಯಟೀಷಿಯನ್ ಎಂಬ ಮಾನ್ಯತೆ ದೊರೆಯುತ್ತದೆ. ಆಸ್ಪತ್ರೆ, ಪುನಶ್ಚೇತನ ಕೇಂದ್ರ, ಕ್ರೀಡಾ ಹಾಸ್ಟೆಲ್, ಆಹಾರ ಉದ್ಯಮ, ಬೋಧನೆ, ಸಂಶೋಧನೆ ಎಲ್ಲೆಡೆ ಕೆಲಸವಿದೆ. ಪದವೀಧರರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಹುದ್ದೆಗಳಿಗೂ ಪ್ರಯತ್ನಿಸಬಹುದು. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಏರ್ಪಾಡಾಯಿತು. ಅಂಥ ಊಟದ ಹಿಂದೆ ಇರಬೇಕಾದದ್ದು ಇದೇ ವಿದ್ಯೆ.

ಈಗ ಅಜ್ಜನ ಬಳಿಗೆ ಬರೋಣ. ಓದು ಮುಗಿಸಿದ ಹೊಸಹಳ್ಳಿಯ ಹುಡುಗಿ ಪಟ್ಟಿ ಕೊಡುವ ಮೊದಲು ಕೇಳುತ್ತಾಳೆ: “ಅಜ್ಜಾ, ನಿನ್ನೆ ಬೆಳಿಗ್ಗೆಯಿಂದ ರಾತ್ರಿತನಕ ಏನೇನು ಉಂಡ್ರಿ? ರೊಟ್ಟಿ ಎಷ್ಟು? ಚಹಾಕ್ಕೆ ಸಕ್ಕರೆ ಎಷ್ಟು ಚಮಚ?” ಹಿಂದಿನ 24 ತಾಸಿನ ಊಟ ನೆನಪಿಸಿ ಬರೆದುಕೊಳ್ಳುವ ಈ ಕ್ರಮವೇ ವೃತ್ತಿಯ ಮೊದಲ ಹತಾರ. ಆಮೇಲೆ ರೊಟ್ಟಿ ಬಿಡಿಸುವುದಿಲ್ಲ, ಎಣಿಸುತ್ತಾಳೆ. ರಾತ್ರಿಯ ಅನ್ನ ತಗ್ಗಿಸಿ ಕಾಳುಪಲ್ಯ ಹೆಚ್ಚಿಸುತ್ತಾಳೆ. ಆ ಪಥ್ಯ ಗೂಡು ಸೇರುವುದಿಲ್ಲ, ತಟ್ಟೆಗೆ ಬರುತ್ತದೆ.

ಈ ಓದಿನ ಆಸೆ ಇರುವವರು ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ನಾಳೆ ಇಡೀ ದಿನ ನಿಮ್ಮ ಮನೆಯಲ್ಲಿ ಯಾರು, ಏನನ್ನು, ಎಷ್ಟು ಉಂಡರು ಎಂದು ಬರೆದಿಡಿ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಅವ್ವನ ತಟ್ಟೆಯಲ್ಲಿ ಏನು ಉಳಿದಿತ್ತು ಎಂಬುದನ್ನು ಮರೆಯದೆ ಬರೆಯಿರಿ. ನಿಮ್ಮ ಓದು ಅಲ್ಲಿಂದ ಶುರುವಾಗಲಿ.