ಭಾರ ಎತ್ತಿದರೆ ಕೈ ಊದುತ್ತದೆಯೇ?

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ ಅಮ್ಮನಿಗೆ ಮನೆಯವರು ನೀರಿನ ಕೊಡ ಮುಟ್ಟಲೂ ಬಿಡುವುದಿಲ್ಲ, ಇದು ಸರಿಯೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಇದಕ್ಕೆ ಉತ್ತರ ಶಿಕಾಗೊ ನದಿಯ ಮೇಲಿದೆ. ಅಲ್ಲಿ 2007ರಿಂದ ‘ರಿಕವರಿ ಆನ್ ವಾಟರ್’ ಎಂಬ ದೋಣಿ ತಂಡವಿದೆ. ಹುಟ್ಟು ಹಾಕುವವರೆಲ್ಲ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರೇ. ಹುಟ್ಟು ಹಾಕುವಾಗ ಮೊದಲು ಕಾಲು ಒತ್ತಬೇಕು, ಆಮೇಲೆ ಬೆನ್ನು ಹಿಂದಕ್ಕೆ ವಾಲಬೇಕು, ಕೊನೆಗೆ ಮೊಣಕೈ ಪಕ್ಕೆ ದಾಟಿ ಹಿಂದೆ ಸರಿಯಬೇಕು. ಅಂದರೆ, ವೈದ್ಯರು ಹಿಂದೆ ಯಾವ ಕೈಗೆ ಕೆಲಸ ಬೇಡ ಎನ್ನುತ್ತಿದ್ದರೋ ಆ ಕೈಗೇ ಕೆಲಸ.

ಕೈ ಊದೀತೆಂಬ ಆ ಭಯಕ್ಕೆ ಕಾರಣವಿತ್ತು. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ತೋಳಿನ ದ್ರವ ಹರಿದುಹೋಗುವ ದಾರಿ ಕಡಿಮೆಯಾಗುತ್ತದೆ. ಅಡಿಕೆ ತೋಟದ ಬಸಿಗಾಲುವೆ ಕಟ್ಟಿಕೊಂಡರೆ ಬುಡದಲ್ಲಿ ನೀರು ನಿಲ್ಲುವುದಿಲ್ಲವೇ, ಹಾಗೆ ಕೈಯಲ್ಲಿ ದ್ರವ ನಿಂತು ಊದಿಕೊಳ್ಳಬಹುದು. ಆದರೆ ಈ ದ್ರವವನ್ನು ತಳ್ಳಲು ಹೃದಯದಂಥ ಪಂಪು ಇಲ್ಲ. ನಾಳಗಳ ಸ್ವಂತ ಮಿಡಿತದ ಜೊತೆಗೆ ಆ ಕೆಲಸಕ್ಕೆ ಕೈಜೋಡಿಸುವುದು ಸುತ್ತಲಿನ ಸ್ನಾಯುಗಳು. ಸ್ನಾಯುವಿಗೆ ರಜೆ ಕೊಟ್ಟರೆ ಹರಿವೂ ನಿಧಾನ.

ಕೈಗೆ ಕೆಲಸ ಕೊಟ್ಟರೆ ಊದುತ್ತದೆಯೇ ಎಂಬುದನ್ನು ಮೊದಲು ನೀರಿನ ಮೇಲೆ ಪರೀಕ್ಷಿಸಿದವರು ಕೆನಡಾದ ವ್ಯಾಂಕೂವರಿನ ಕ್ರೀಡಾವೈದ್ಯ ಡಾನ್ ಮೆಕೆಂಜಿ. 1996ರಲ್ಲಿ ಅವರು ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ 24 ಮಹಿಳೆಯರನ್ನು ತರಬೇತಿ ಕೊಟ್ಟು ಡ್ರ್ಯಾಗನ್ ದೋಣಿ ಹತ್ತಿಸಿದರು. ಹೊಸದಾಗಿ ಯಾರ ಕೈಯೂ ಊದಲಿಲ್ಲ. ಇಪ್ಪತ್ತನಾಲ್ಕು ಜನರ ಅನುಭವ ಪುರಾವೆಯಾಗದು, ನಿಜ. ಪುರಾವೆ ಬಂದದ್ದು 2009ರಲ್ಲಿ. ಕ್ಯಾಥರಿನ್ ಶ್ಮಿಟ್ಸ್ ಅವರ ತಂಡ ಫಿಲಡೆಲ್ಫಿಯಾದಲ್ಲಿ, ಆಗಲೇ ಕೈ ಊದಿದ್ದ 141 ಮಹಿಳೆಯರಲ್ಲಿ ಅರ್ಧ ಜನರಿಂದ ಒಂದು ವರ್ಷ ಭಾರ ಎತ್ತಿಸಿತು. ಎತ್ತದವರಿಗಿಂತ ಅವರಲ್ಲಿ ಊತ ಹೆಚ್ಚಲಿಲ್ಲ. ಎತ್ತದವರಲ್ಲಿ ಶೇ. 29 ಮಂದಿಗೆ ತೊಂದರೆ ಉಲ್ಬಣಿಸಿದರೆ, ಎತ್ತಿದವರಲ್ಲಿ ಶೇ. 14 ಮಂದಿಗೆ ಮಾತ್ರ. ನನ್ನ ಮಟ್ಟಿಗೆ ಇದು ಈ ಕ್ಷೇತ್ರದ ಅತ್ಯಂತ ಸುಂದರ ಪ್ರಯೋಗ. ವರ್ಷಗಟ್ಟಲೆ ಹೇಳಿಕೊಂಡು ಬಂದ ‘ಬೇಡ’ವನ್ನು ಅದು ಅಳೆದು ನೋಡಿತು.

ಆದರೆ ಒಬ್ಬರೇ ಎಷ್ಟು ದಿನ ವ್ಯಾಯಾಮ ಮಾಡಿಯಾರು? ಶಿಕಾಗೊದಲ್ಲೇ ಮೆಲಿಂಡಾ ಸ್ಟಾಲಿ ಅವರ ತಂಡ ನಗರದ ಪಾರ್ಕ್ ಇಲಾಖೆಯ ಜೊತೆಗೂಡಿ, ಸ್ತನ ಕ್ಯಾನ್ಸರ್ ದಾಟಿ ಬಂದ 246 ಆಫ್ರಿಕನ್ ಅಮೆರಿಕನ್ ಮಹಿಳೆಯರಲ್ಲಿ, ಜೊತೆ ಸೇರಿದರೆ ಏನಾಗುತ್ತದೆ ಎಂಬುದನ್ನು ತೂಕ ಇಳಿಕೆಯ ಲೆಕ್ಕದಲ್ಲಿ ನೋಡಿತು. ವಾರಕ್ಕೆ ಎರಡು ಸಲ ಸೇರಿ ವ್ಯಾಯಾಮ ಮಾಡಿದವರು ಆರು ತಿಂಗಳಲ್ಲಿ ಸರಾಸರಿ 3.5 ಕಿಲೋ ತೂಕ ಇಳಿಸಿಕೊಂಡರು, ಮಾಹಿತಿ ಪಡೆದು ತಾವೇ ಪ್ರಯತ್ನಿಸಿದವರು 1.3 ಕಿಲೋ. 2017ರಲ್ಲಿ ಪ್ರಕಟವಾದ ಈ ಅಂತರ ದೊಡ್ಡದಲ್ಲ, ವರ್ಷ ತುಂಬುವಷ್ಟರಲ್ಲಿ ಇನ್ನೂ ಕಿರಿದಾಯಿತು. ಆದರೂ ಜೊತೆಗಾರರ ಬಲ ಕಾಣುತ್ತದೆ. ಎಂಟು ಜನರ ದೋಣಿಯಲ್ಲಿ ಒಬ್ಬರು ಬಾರದಿದ್ದರೆ ಉಳಿದ ಏಳು ಜನಕ್ಕೂ ಅಂದು ತೊಡಕು. ಅದಕ್ಕೇ ಬೇಸರವಿದ್ದರೂ ಎದ್ದು ಬರುತ್ತಾರೆ.

ದೋಣಿ ನಡೆಸಿದರೆ ಕ್ಯಾನ್ಸರ್ ಮರಳದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಪ್ರಯೋಗಗಳು ಅದನ್ನು ಹೇಳಿಲ್ಲ. ನಾಳೆಯೇ ತುಂಬಿದ ಕೊಡ ಎತ್ತಿ ಎಂದೂ ಹೇಳಿಲ್ಲ. ಫಿಲಡೆಲ್ಫಿಯಾದವರು ತೀರಾ ಹಗುರದಿಂದ ಶುರುಮಾಡಿ, ಕೈಗೆ ಬಿಗಿಪಟ್ಟಿ ತೊಟ್ಟು, ತರಬೇತುದಾರರ ಕಣ್ಣೆದುರು ಮೆಲ್ಲಗೆ ಭಾರ ಏರಿಸಿದ್ದರು. ಮುಂದಿನ ಸಲ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದಾಗ ಫಿಸಿಯೋಥೆರಪಿಸ್ಟರನ್ನು ತಪ್ಪದೆ ಕಂಡು, ಎಷ್ಟು ಭಾರದಿಂದ ಶುರುಮಾಡಬಹುದು ಎಂದು ಕೇಳಿ.