ಇ20 ಪೆಟ್ರೋಲ್ ಮತ್ತು ಅಪ್ಪನ ಹಳೇ ಬೈಕು

ಭದ್ರಾವತಿ ನ್ಯೂ ಟೌನ್ ಕಡೆಯಿಂದ ಕಾಲೇಜಿಗೆ ಬರೋ ನಮ್ಮಲ್ಲಿ ಹಲವರು ಓಡಿಸೋದು ಅಪ್ಪನದೋ ಮಾವನದೋ ಹಳೇ ಬೈಕು. ಕಾರ್ಬುರೇಟರ್ ಇರೋ ಗಾಡಿ. ಅದು ಶೋರೂಮಿನಿಂದ ಬಂದಾಗ ಬಂಕಿನಲ್ಲಿ ಇ20 ಇರಲಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅದರ ಮಾರಾಟಕ್ಕೆ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ಅದೇ ಮಾಮೂಲಿ ಪೆಟ್ರೋಲ್ ಆಯ್ತು. ನೂರರಲ್ಲಿ 20 ಭಾಗ ಎಥನಾಲ್. "ಎಂಜಿನ್ ಹೋಗುತ್ತೆ" ಅನ್ನೋರೂ ಇದ್ದಾರೆ, "ಏನೂ ಆಗಲ್ಲ" ಅನ್ನೋರೂ ಇದ್ದಾರೆ. ನಿಜವಾಗಿ ಏನಾಗುತ್ತೆ ಅಂತ ನೋಡೋಣ.

ಮೈಲೇಜ್: ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದೆ, ಎಥನಾಲ್‌ನಲ್ಲಿ ಸುಮಾರು 21. ಲೆಕ್ಕ ಹಾಕಿದರೆ ಇ20ಯಲ್ಲಿ ಶೇ. 7ರಷ್ಟು ಶಕ್ತಿ ಕಡಿಮೆ. ಆದರೆ ಎಥನಾಲ್‌ಗೆ ಆಕ್ಟೇನ್ ಜಾಸ್ತಿ, ನಾಕಿಂಗ್ ಕಡಿಮೆ. ಇದರ ಲಾಭ ಸಿಗೋದು ಅದಕ್ಕಂತಲೇ ಟ್ಯೂನ್ ಮಾಡಿದ ಎಂಜಿನ್‌ಗೆ.

ಗಾಳಿ-ಇಂಧನ ಅನುಪಾತ: ಒಂದು ಕೆಜಿ ಪೆಟ್ರೋಲ್ ಉರಿಯಲು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಇಂಜೆಕ್ಷನ್ ಇರೋ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಇಂಧನ ಹೆಚ್ಚಿಸುತ್ತೆ. ಕಾರ್ಬುರೇಟರಿನ ಜೆಟ್ ಬರೀ ಒಂದು ತೂತು, ಅದಕ್ಕೆ ಏನೂ ಗೊತ್ತಾಗಲ್ಲ. ಮಿಶ್ರಣ ಲೀನ್ ಆಗುತ್ತೆ. ಬೆಳಿಗ್ಗೆ ಸ್ಟಾರ್ಟ್ ಆಗಲು ತಕರಾರು, ಪಿಕಪ್‌ನಲ್ಲಿ ಜರ್ಕ್.

ರಬ್ಬರ್ ಮತ್ತು ಲೋಹ: ಎಥನಾಲ್ ಒಳ್ಳೆಯ ದ್ರಾವಕ. ಹಳೇ ಪೈಪು, ಓ-ರಿಂಗು ಉಬ್ಬಿ ಆಮೇಲೆ ಬಿರುಕು ಬಿಡಬಹುದು. ಟ್ಯಾಂಕಿನಲ್ಲಿ ವರ್ಷಗಟ್ಟಲೆ ಅಂಟಿದ ಕೊಳೆ ಎದ್ದು ಬಂದು ಫಿಲ್ಟರ್, ಜೆಟ್ ಕಟ್ಟಿಕೊಳ್ಳುತ್ತೆ. ಪೈಪಿನ ಸೋರಿಕೆ ಮಾತ್ರ ಹಗುರವಾಗಿ ತಗೊಳ್ಳೋ ವಿಷಯ ಅಲ್ಲ: ಕೆಳಗೇ ಬಿಸಿ ಎಂಜಿನ್ ಇದೆ.

ನೀರು: ನಮ್ಮ ಮಲೆನಾಡಿನ ಅಂಚಿನ ಊರಿಗೆ ಇದೇ ಮುಖ್ಯ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತೆ. ಸ್ವಲ್ಪ ನೀರಾದರೆ ಕರಗಿಸಿಕೊಂಡು ಎಂಜಿನ್ ಮೂಲಕ ಹೊರಗೆ ಕಳಿಸುತ್ತೆ, ಅದು ಒಳ್ಳೆಯದೇ. ಮಿತಿ ದಾಟಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತೆ. ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯೋದು ಅಲ್ಲಿಂದ. ರಿಸರ್ವ್‌ಗೆ ತಿರುಗಿಸಿದಾಗ ಎಂಜಿನ್‌ಗೆ ಹೋಗೋದೂ ಆ ತಳದ ಪದರವೇ. ಆಗ ಎಷ್ಟು ಕಿಕ್ ಹೊಡೆದರೂ ಪ್ರಯೋಜನ ಇಲ್ಲ, ಟ್ಯಾಂಕ್ ಖಾಲಿ ಮಾಡಲೇಬೇಕು.

ಆಲ್ಕೋಹಾಲ್ ಭದ್ರಾವತಿಗೆ ಹೊಸದೇನಲ್ಲ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಗೆ ಇದ್ದಿಲು ಬೇಕು ಅಂತ ಮರ ಬಟ್ಟಿ ಇಳಿಸುವಾಗ ಮೆಥನಾಲ್ ಉಪ ಉತ್ಪನ್ನವಾಗಿ ಸಿಗುತ್ತಿತ್ತು. ಎಥನಾಲ್ ಬರೋದು ಕಬ್ಬು, ಅಕ್ಕಿ, ಮೆಕ್ಕೆಜೋಳದಿಂದ. ನಮ್ಮ ಸುತ್ತಲಿನ ರೈತರ ಬೆಳೆಗೂ ಅದರಿಂದ ಬೇಡಿಕೆ ಇದೆ. ಹಾಗಾಗಿ ಇ20ಯನ್ನು ಬೈಯೋದಕ್ಕಿಂತ ಗಾಡಿಯನ್ನು ಸಜ್ಜು ಮಾಡೋದು ಮೇಲು.

ಖರ್ಚೂ ದೊಡ್ಡದಲ್ಲ. ಎಥನಾಲ್ ತಡೆಯುವ ಫ್ಯೂಯೆಲ್ ಪೈಪ್ ಹಾಕಿಸಿ. ಫಿಲ್ಟರ್ ಬದಲಿಸಿ. ಟ್ಯಾಂಕ್ ಮುಚ್ಚಳದ ರಬ್ಬರ್ ಸರಿ ಇದೆಯಾ ನೋಡಿ, ಮಳೆಯಲ್ಲಿ ಗಾಡಿ ಮೇಲೆ ಕವರ್ ಇರಲಿ. ಪರೀಕ್ಷೆ, ರಜೆ ಅಂತ ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಟ್ಯಾಂಕ್ ತುಂಬಿಸಿ (ಖಾಲಿ ಜಾಗ ಕಡಿಮೆಯಾದಷ್ಟೂ ತೇವ ಕಡಿಮೆ), ಕಾಕ್ ಮುಚ್ಚಿ, ಎಂಜಿನ್ ತಾನಾಗಿ ಆಫ್ ಆಗೋವರೆಗೆ ಓಡಿಸಿ. ಕಾರ್ಬುರೇಟರ್ ಒಣಗಿರುತ್ತೆ.