ಹೊಟ್ಟೆಗೂ ಬೇಕು ಲಾಳ

ಎತ್ತಿಗೆ ಲಾಳ ಹೊಡೆಸುವುದನ್ನು ಕಣ್ಣಾರೆ ಕಂಡವರು ಈಗ ಕಡಿಮೆ. ಹಗ್ಗ ಹಾಕಿ ಕೆಡವಬೇಕು, ನಾಲ್ಕು ಕಾಲು ಸೇರಿಸಿ ಕಟ್ಟಬೇಕು, ಗೊರಸು ಕೆತ್ತಿ ಸಮ ಮಾಡಬೇಕು. ಆಮೇಲೆ ಒಂದು ಕಾಲಿಗೆ ಎರಡರಂತೆ ಎಂಟು ಲಾಳ. ಮೊಳೆ ಒಂದು ಕೂದಲೆಳೆ ಒಳಗೆ ಇಳಿದರೂ ಎತ್ತು ಕುಂಟುತ್ತದೆ. ಲಾಳವೇ ಇಲ್ಲದ ಎತ್ತಿಗಿಂತ ತಪ್ಪು ಲಾಳ ಹೊಡೆಸಿಕೊಂಡ ಎತ್ತು ಹೆಚ್ಚು ದಿನ ಕೊಟ್ಟಿಗೆಯಲ್ಲಿ ಮಲಗುತ್ತದೆ ಅಂತ ನಮ್ಮಪ್ಪ ಹೇಳುತ್ತಿದ್ದರು. ಆ ಮಾತು ನನಗೆ ಮತ್ತೆ ನೆನಪಾದದ್ದು ಎತ್ತಿನಿಂದಲ್ಲ, ನಾಲ್ಕು ಚಕ್ರದ ಒಂದು ಬೈಕಿನಿಂದ.

ನಾನಿರುವುದು ಉಡುಮಲಪೇಟೆ ಪಕ್ಕ. ಮನೆಯಲ್ಲಿ ಕನ್ನಡ, ಪಕ್ಕದ ತೋಟದಲ್ಲಿ ತೆಲುಗು, ಸಂತೆಯಲ್ಲಿ ತಮಿಳು. ಓದು ಎಸ್ಸೆಸ್ಸೆಲ್ಸಿಗೆ ನಿಂತಿತು, ಎರಡು ಭಾಷೆಯಲ್ಲಿ ಪದ್ಯ ಬರೆಯೋ ಚಟ ಮಾತ್ರ ನಿಂತಿಲ್ಲ. ತಂಗಿಯನ್ನು ಕೊಟ್ಟಿರುವುದು ಕಾಂಗೇಯಂ ಕಡೆ. ಮೊದಲು ನಮ್ಮದು ಕೊಯಮತ್ತೂರು ಜಿಲ್ಲೆ, ಅವರದು ಈರೋಡು. 2009ರಲ್ಲಿ ತಿರುಪ್ಪೂರು ಜಿಲ್ಲೆಯಾದ ಮೇಲೆ ಅಣ್ಣ ತಂಗಿ ಒಂದೇ ಜಿಲ್ಲೆಯವರಾದೆವು.

ತಂಗಿ ಮನೆಯವರಿಗೆ ಇರೋದು ಕೊರಂಗಾಡು. ಕಾಂಗೇಯಂ ದನದ ಹೆಸರು ಕೇಳಿದವರು ಈ ಹೆಸರನ್ನೂ ಕೇಳಿರಬೇಕು. ಮಳೆಯನ್ನೇ ನಂಬಿದ ಕಲ್ಲು ಭೂಮಿ. ಸುತ್ತ ಕಿಳುವೈ ಗಿಡದ ಜೀವಂತ ಬೇಲಿ, ಒಳಗೆ ಕೊಳುಕ್ಕಟ್ಟೈ ಹುಲ್ಲು, ಅಲ್ಲಲ್ಲಿ ಬಿಳಿ ಜಾಲಿ ಮರ. ದನ ಅಲ್ಲೇ ಮೇಯಬೇಕು, ಅಲ್ಲೇ ಬೆಳೆಯಬೇಕು. ಅಳಿಯ 2022ರಲ್ಲಿ ಒಂದು ಹಳೆಯ ಎಟಿವಿ ತಂದ. ಹ್ಯಾಂಡಲ್, ಸೀಟು ಬೈಕಿನದು, ಚಕ್ರ ಮಾತ್ರ ನಾಲ್ಕು, ಗಾಳಿ ಕಮ್ಮಿ ಇರೋ ದಪ್ಪ ಟೈರು. ಬೇಲಿ ನೋಡಿ ಬರೋದಕ್ಕೆ, ಹಿಂಡಿ ಮೂಟೆ ಸಾಗಿಸೋದಕ್ಕೆ, ಈಯಲು ಬಂದ ಹಸು ಎಲ್ಲಿ ಮಲಗಿದೆ ಅಂತ ಹುಡುಕೋದಕ್ಕೆ ಒಳ್ಳೆ ಸಾಧನ. ಟ್ರ್ಯಾಕ್ಟರ್ ವರ್ಗದಲ್ಲಿ ಒಪ್ಪಿಗೆ ಪಡೆದ ಮಾದರಿ ಬಿಟ್ಟರೆ ಬೇರೆ ಎಟಿವಿಗಳಿಗೆ ರಸ್ತೆ ನೋಂದಣಿ ಇಲ್ಲ, ಸ್ವಂತ ಜಮೀನಿನಲ್ಲೇ ಓಡಿಸಬೇಕು. ಇದು ಕೊಳ್ಳುವ ಮೊದಲೇ ತಿಳಿದಿರಲಿ.

ಮಾರಿದವರು ಎಂಜಿನ್ ಸದ್ದು ಕೇಳಿಸಿದರು, ಬಣ್ಣ ತೋರಿಸಿದರು. ಹೊಟ್ಟೆ ತೋರಿಸಲಿಲ್ಲ. ನಾವೂ ಬಗ್ಗಿ ನೋಡಲಿಲ್ಲ. ಕೆಳಗೆ ಇದ್ದದ್ದು ತೆಳ್ಳನೆಯ ಪ್ಲಾಸ್ಟಿಕ್ ಮುಚ್ಚಳ, ಅದೂ ಅರ್ಧ ಒಡೆದದ್ದು. ಅದರ ಹಿಂದೆಯೇ ಎಂಜಿನ್ನಿನ ತಳ, ಆಯಿಲ್ ಇಳಿಸೋ ಬೋಲ್ಟು. ನಾಲ್ಕು ತಿಂಗಳಾಗಿರಲಿಲ್ಲ, ಹುಲ್ಲಿನಲ್ಲಿ ಅಡಗಿದ್ದ ಒಂದು ಕಲ್ಲು ಆ ಬೋಲ್ಟಿನ ಬುಡಕ್ಕೇ ಬಡಿಯಿತು. ಟಣ್ ಅಂದದ್ದು ಹುಡುಗನಿಗೆ ಕೇಳಿಸಿದೆ, ಇಂಥ ಸದ್ದು ದಿನಾ ಇದ್ದದ್ದೇ ಅಂತ ಹೋಗಿಬಿಟ್ಟ. ಆಯಿಲೆಲ್ಲ ದಾರಿಗೆ ಸುರಿದು ಎಂಜಿನ್ ಹಿಡಿದುಕೊಂಡಿತು. ಬಿಚ್ಚಿ ಕೂಡಿಸಲು 62 ಸಾವಿರ. ಆ ದುಡ್ಡಿಗೆ ತಂಗಿ ಒಂದು ಜೊತೆ ಹೋರಿಕರು ಮಾರಿದಳು. ಮಾರಿದ ದಿನ ಅವಳು ಊಟ ಮಾಡಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಇನ್ನು ತಗಡು ಹಾಕಿಸಲೇಬೇಕು ಅಂತ ಹಟ ಹಿಡಿದವನು ನಾನೇ. ಹಾಗಾಗಿ ಮುಂದಿನ ತಪ್ಪೂ ನನ್ನದೇ. ಊರಿನ ವೆಲ್ಡಿಂಗ್ ಅಂಗಡಿಗೆ ಹೋಗಿ, "ದಪ್ಪ ಇರಲಪ್ಪ, ಬಂಡೆ ಮೇಲೆ ಎಳೆದರೂ ಜಗ್ಗಬಾರದು" ಅಂದೆ. ಅವನು 5 ಮಿಲಿಮೀಟರ್ ಕಬ್ಬಿಣದ ಶೀಟು ಕತ್ತರಿಸಿ, ಬದಿಗಳನ್ನು ತೊಟ್ಟಿ ಥರ ಮೇಲಕ್ಕೆ ಮಡಚಿ, ಚಾಸಿಗೆ ಸೇರಿಸಿ ವೆಲ್ಡ್ ಮಾಡಿಬಿಟ್ಟ. ಒಂದು ತೂತಿಲ್ಲ, ಒಂದು ಬೋಲ್ಟಿಲ್ಲ. ನೋಡೋಕೆ ಯುದ್ಧದ ಟ್ಯಾಂಕು. ನಾನು ಹೆಮ್ಮೆಪಟ್ಟೆ.

2023ರ ಮಾರ್ಚಿನಲ್ಲಿ ತಂಗಿ ಮನೆಗೆ ಹೋಗಿದ್ದೆ. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಅಳಿಯನ ಹಿಂದೆ ಕೂರಬಾರದು, ಅದು ಒಬ್ಬರ ಗಾಡಿ ಅಂತ ಗೊತ್ತಿದ್ದೂ ಕೂತೆ. ಬೇಲಿ ಸುತ್ತಿ ನಡುವೆ ನಿಲ್ಲಿಸಿದೆವು. ಮೂಗಿಗೆ ಕಮಟು ವಾಸನೆ. ಯಾರೋ ಬೀಡಿ ಸೇದುತ್ತಿದ್ದಾರೆ ಅಂದುಕೊಂಡೆ. "ಮಾವ, ಇಳೀರಿ, ಇಳೀರಿ!" ಅಂತ ಹುಡುಗ ಕೂಗಿದ. ಸೀಟಿನ ಕೆಳಗಿಂದ ಹೊಗೆ. ನನ್ನ ಹೆಮ್ಮೆಯ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಒಣ ಹುಲ್ಲು, ಜಾಲಿ ಎಲೆ, ಎಂಜಿನ್ನಿಂದ ಜಿನುಗಿದ ಆಯಿಲ್ ಎಲ್ಲ ಸೇರಿ ಮೆತ್ತೆಯಾಗಿ ಕೂತಿತ್ತು. ಮೇಲೆ ಕಾದ ಸೈಲೆನ್ಸರ್ ಪೈಪು. ಒಲೆ ಹೂಡಿದ ಹಾಗೆ.

ಕುಡಿಯೋ ನೀರಿನ ಕ್ಯಾನು ಜೊತೆಗಿತ್ತು, ಅಷ್ಟೇ ನಮ್ಮ ಪುಣ್ಯ. ಹುಡುಗ ನೀರು ಸುರಿದ, ನಾನು ಒದ್ದೆ ಟವಲಿನಲ್ಲಿ ಕೆಳಗೆ ಬಿದ್ದ ಕಿಡಿ ಬಡಿದೆ. ಗಾಳಿ ಇನ್ನೊಂದಿಷ್ಟು ಜೋರಾಗಿದ್ದರೆ ಗಾಡಿ ಹೋಗುತ್ತಿದ್ದುದು ಹಾಗಿರಲಿ, ಕೊರಂಗಾಡು ಪೂರ್ತಿ ಹೋಗುತ್ತಿತ್ತು. ಆ ಹೊತ್ತಿಗೆ ಒಳಗೆ ಒಂಬತ್ತು ಹಸು, ನಾಲ್ಕು ಕರು. ಕೈಗೆ ಎದ್ದ ಬೊಬ್ಬೆ ವಾರದಲ್ಲಿ ಒಣಗಿತು. ಕರುಗಳ ಲೆಕ್ಕ ಮಾತ್ರ ರಾತ್ರಿ ನಿದ್ದೆಯಲ್ಲೂ ಹಾಕುತ್ತಿದ್ದೆ.

ಆ ಮೇಲೆ ಗಾಡಿಯನ್ನು ಕುಟ್ಟಿ ಯಾನೆಗೆ ಏರಿಸಿ (ಟಾಟಾ ಏಸ್‌ಗೆ ನಮ್ಮ ಕಡೆ ಇಟ್ಟಿರೋ ಮುದ್ದಿನ ಹೆಸರು) ಪಲ್ಲಡಂ ದಾಟಿ ಕೊಯಮತ್ತೂರಿಗೆ ಹೋದೆವು. ಆ ಊರಿಗೇ ಯಾಕೆ ಅಂತ ಕೇಳಬಹುದು. ತೆಲುಗು ಮನೆಮಾತಿನ ಜಿ.ಡಿ. ನಾಯ್ಡು 1920ರಲ್ಲಿ ಒಂದೇ ಒಂದು ಬಸ್ಸಿನಿಂದ ಪೊಳ್ಳಾಚಿ–ಪಳನಿ ನಡುವೆ ಓಡಾಟ ಶುರುಮಾಡಿದ್ದು ನಮ್ಮ ಸೀಮೆಯಲ್ಲೇ. ಆಗಿನಿಂದ ಈ ನೆಲಕ್ಕೆ ಗಾಡಿ ಬಿಚ್ಚಿ ನೋಡೋ ಬುದ್ಧಿ ಅಂಟಿದೆ. ರೇಸ್ ಕಾರು ಕಟ್ಟಿದ ಕರಿವರ್ಧನ್ ಈ ಊರಿನವರು. ಅವರ ಹೆಸರಿನ ರೇಸ್ ಟ್ರ್ಯಾಕು ಚೆಟ್ಟಿಪಾಳಯದಲ್ಲಿದೆ. ಫಾರ್ಮುಲಾ ಒನ್‌ನಲ್ಲಿ 2005ರಲ್ಲಿ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಇಲ್ಲಿಯವರೇ. ಆದರೆ ಟಾರಿನ ಟ್ರ್ಯಾಕಿನ ಕಾರು ನಮಗೆ ಪಾಠ ಹೇಳದು. ಪಾಠ ಹೇಳೋದು ಮಣ್ಣಿನ ರ‍್ಯಾಲಿ ಕಾರು. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ರ‍್ಯಾಲಿ ನೋಡಿದವರಿಗೆ ಗೊತ್ತು, ಕಲ್ಲಿನ ಮೇಲೆ ಹಾರಿ ಬೀಳೋ ಕಾರಿನ ಎಂಜಿನ್ ಉಳಿಯೋದು ಕೆಳಗಿನ ಗಾರ್ಡಿನಿಂದ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಕೂಡ 2007ರಿಂದ ನಡೆಯುತ್ತಿರುವ ಬಾಹಾ ಸ್ಪರ್ಧೆಗೆ ಅಂತ ಸ್ವಂತ ಎಟಿವಿ ಕಟ್ಟುತ್ತಾರೆ.

ಗಣಪತಿ ಬಡಾವಣೆ ಕಡೆಯ ಒಂದು ಸಣ್ಣ ಶೆಡ್ಡಿನಲ್ಲಿ ನಮಗೆ ಬೇಕಾದ ಮೇಸ್ತ್ರಿ ಸಿಕ್ಕಿದರು. ನನಗಿಂತ ಹತ್ತು ವರ್ಷ ಚಿಕ್ಕವರು. ಮಾತು ತೆಲುಗಿಗೆ ಹೊರಳಿದ ಮೇಲೆ ರೇಟೂ ಸ್ವಲ್ಪ ಇಳಿಯಿತು. ನಮ್ಮ ತಗಡು ನೋಡಿ ನಗಲಿಲ್ಲ, ಅದಕ್ಕೇ ನನಗೆ ಗೌರವ ಬಂತು. "ರಾಯಿ ಕನಬಡದು ಅಣ್ಣಾ, ತಗಿಲಿನಂಕನೇ ತೆಲಿಸೇದಿ" ಅಂದರು. ಕಲ್ಲು ಕಾಣೋದಿಲ್ಲ, ತಗುಲಿದ ಮೇಲೇ ತಿಳಿಯೋದು. ಆಮೇಲೆ, ಕಲ್ಲಿನ ಲೆಕ್ಕ ಹಾಕಿದಿರಿ, ಹುಲ್ಲಿನ ಲೆಕ್ಕ ಬಿಟ್ಟಿರಿ ಅಂತ ಮೆಲ್ಲಗೆ ಸೇರಿಸಿದರು.

ತೂಕದ ಲೆಕ್ಕ ಅವರು ರಟ್ಟಿನ ಮೇಲೆ ಬರೆದು ತೋರಿಸಿದರು. ನಮ್ಮ ಗಾಡಿಗೆ ಬೇಕಾದದ್ದು ಹತ್ತಿರ ಹತ್ತಿರ 1.2 ಮೀಟರ್ ಉದ್ದ, ಅರ್ಧ ಮೀಟರ್ ಅಗಲ. 5 ಮಿಲಿಮೀಟರ್ ಕಬ್ಬಿಣವಾದರೆ ಇಪ್ಪತ್ಮೂರೂವರೆ ಕಿಲೊ. ಅಂದರೆ ಅರ್ಧ ಮೂಟೆ ಸಿಮೆಂಟನ್ನು ದಿನವಿಡೀ ಹೊಟ್ಟೆಗೆ ಕಟ್ಟಿಕೊಂಡು ತಿರುಗಿದ ಹಾಗೆ. ಅದೇ ದಪ್ಪದ ಅಲ್ಯುಮಿನಿಯಂ ಸುಮಾರು 8 ಕಿಲೊ. ಇನ್ನೊಂದು ಗಟ್ಟಿ ಪ್ಲಾಸ್ಟಿಕ್ ಉಂಟು, ಬಿಳಿ ಅಥವಾ ಕಪ್ಪು ಹಲಗೆ ಥರ ಬರುತ್ತೆ. ಅದು 12 ಮಿಲಿಮೀಟರ್ ದಪ್ಪವಿದ್ದರೂ 7 ಕಿಲೊ ದಾಟದು. ಬಂಡೆ ಮೇಲೆ ಜಾರೋದರಲ್ಲಿ ಆ ಪ್ಲಾಸ್ಟಿಕ್ಕೇ ರಾಜ; ಅಲ್ಯುಮಿನಿಯಂ ಗೀರಿಕೊಂಡು ಒಮ್ಮೊಮ್ಮೆ ಕಲ್ಲಿಗೆ ಕಚ್ಚಿಕೊಳ್ಳುತ್ತೆ. ಆದರೆ ಸೈಲೆನ್ಸರ್ ಹತ್ತಿರ ಪ್ಲಾಸ್ಟಿಕ್ ಇಡಬಾರದು, ಮೆತ್ತಗಾಗುತ್ತೆ. ನಮ್ಮದು ಹುಲ್ಲಿನ ನೆಲ, ಬೆಂಕಿಯ ಭಯ. ಅಲ್ಯುಮಿನಿಯಂ ಅಂತ ತೀರ್ಮಾನವಾಯಿತು.

ಮೊದಲು ಬ್ಯಾಟರಿ ತಂತಿ ಕಳಚಿ, ನಮ್ಮ ವೆಲ್ಡಿಂಗನ್ನು ಗ್ರೈಂಡರ್ ಹಿಡಿದು ಕತ್ತರಿಸಿದರು. ಒಂದು ಕಡೆ ಚಾಸಿ ಪೈಪಿಗೆ ಆಗಲೇ ಕೂದಲಿನಂಥ ಬಿರುಕು ಬಂದಿತ್ತು. ಕಲ್ಲಿನ ಪೆಟ್ಟನ್ನು ತಗಡು ತಾನು ನುಂಗದೆ ನೇರ ಚಾಸಿಗೆ ದಾಟಿಸಿದ್ದರ ಫಲ ಅದು. ಆಮೇಲೆ ಹೊಟ್ಟೆ ತೊಳೆದು, ಗಾಡಿ ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ (ಬರೀ ಜಾಕ್ ನಂಬಿ ಯಾರೂ ಕೆಳಗೆ ತೂರಬೇಡಿ), ರಟ್ಟಿನಲ್ಲಿ ಅಳತೆ ಕತ್ತರಿಸಿದರು. ಒಂದೇ ತಗಡಲ್ಲ, ಎರಡು ತುಂಡು. ಮುಂದಿನ ತುಂಡಿನ ಹಿಂಬದಿ ಅಂಚು ಹಿಂದಿನ ತುಂಡಿನ ಕೆಳಗೆ, ಹೊರಮೈಗೆ ಬರಬೇಕು. ಮನೆಗೆ ಹೆಂಚು ಹೊದಿಸಿದ ಹಾಗೆ ಅಂದುಕೊಳ್ಳಿ. ಹೆಂಚಿನ ಮೇಲೆ ನೀರು ಹರಿಯೋ ಹಾಗೆ ಇದರ ಮೇಲೆ ಕಲ್ಲು ಮುಂದಿನಿಂದ ಹಿಂದಕ್ಕೆ ಹರಿಯುತ್ತೆ. ತಿರುವುಮುರುವಾದರೆ ಅಂಚು ಸಲಿಕೆಯಾಗಿ ಮಣ್ಣು ತೋಡುತ್ತೆ. ಮೂತಿ ಕಡೆ ತಗಡನ್ನು ಮೇಲಕ್ಕೆ ಬಾಗಿಸಿದರು, ದೋಣಿಯ ಮುಂಭಾಗದಂತೆ.

ಕೂರಿಸಿದ್ದು ಚಾಸಿ ಪೈಪಿಗೆ ಕ್ಲಾಂಪ್ ಹಾಕಿ, ನಡುವೆ ರಬ್ಬರ್ ತುಂಡು ಕೊಟ್ಟು, ಬೋಲ್ಟಿನಿಂದ. ಬೋಲ್ಟಿನ ತಲೆ ತಗಡಿನೊಳಗೆ ಮುಳುಗಿರಬೇಕು, ಇಲ್ಲದಿದ್ದರೆ ಮೊದಲ ಬಂಡೆಯೇ ಅದನ್ನು ಕಿತ್ತುಕೊಂಡು ಹೋಗುತ್ತೆ. ಎಂಜಿನ್ ತಳಕ್ಕೂ ತಗಡಿಗೂ ಒಂದು ಬೆರಳು ಜಾಗ ಬಿಟ್ಟರು. ತಗಡು ತಗ್ಗಿದರೂ ಪೆಟ್ಟು ಒಳಗೆ ಮುಟ್ಟಬಾರದಲ್ಲ. ಆಯಿಲ್ ಇಳಿಸೋ ಬೋಲ್ಟಿನ ನೇರಕ್ಕೆ ಒಂದು ದುಂಡು ತೂತು. ನೀರು ಕೆಸರು ಇಳಿಯಲು ಉದ್ದುದ್ದ ಸೀಳು. ಸೈಲೆನ್ಸರ್ ಕೆಳಗಿನ ಜಾಗವನ್ನು ಪೂರ್ತಿ ಬರಿದೇ ಬಿಟ್ಟರು. ಅಲ್ಲಿ ಕಲ್ಲು ತಗುಲಿದರೆ? ಅಂದೆ. ಪೈಪು ತಗ್ಗಿದರೆ ಹೊಸದು ಹಾಕೋಣ, ಹೊಲ ಸುಟ್ಟರೆ ಹೊಸದು ಎಲ್ಲಿಂದ ತರೋದು ಅಂದರು.

ಚಕ್ರಕ್ಕೆ ಶಕ್ತಿ ಕೊಡೋ ಶಾಫ್ಟಿನ ಕೊನೆಗೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟು ಇದೆ. ಜಾಲಿ ಕೊಂಬೆ ಅದನ್ನು ಸೀಳಿದರೆ ಗ್ರೀಸು ಹೋಗಿ, ಮಣ್ಣು ಸೇರಿ, ಕೀಲು ಸವೆದು ಮುರಿಯುತ್ತೆ. ಬಳ್ಳಾರಿ ಜಾಲಿ ಹಬ್ಬಿರುವ ಕಡೆಯ ರೈತರು ಇದಕ್ಕೂ ಸಣ್ಣ ಗಾರ್ಡು ಹಾಕಿಸಿ. ಒಟ್ಟು 9,500 ಆಯಿತು. ಮೊದಲ ಸಲ ಊರಲ್ಲಿ ಕೊಟ್ಟ 3,500 ನೀರಲ್ಲಿ ಹೋಮ.

ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ವಾಪಸು ಬರುವಾಗ ಯೋಚಿಸಿದೆ. ಅಂಗಡಿಯಲ್ಲಿ ಸ್ಕಿಡ್ ಪ್ಲೇಟು, ರ‍್ಯಾಲಿಯವರಿಗೆ ಸಂಪ್ ಗಾರ್ಡು. ನಾನು ಕನ್ನಡಕ್ಕೆ ಹೊಟ್ಟೆತಗಡು, ತೆಲುಗಿಗೆ ಪೊಟ್ಟರೇಕು ಅಂತ ಇಟ್ಟೆ. ಅಳಿಯ ನಕ್ಕ. ಆದರೆ ಈಗ ಅವನೇ ಫೋನಿನಲ್ಲಿ "ಮಾವ, ಹೊಟ್ಟೆತಗಡು ತೊಳೆದೆ" ಅನ್ನುತ್ತಾನೆ.

ಪ್ರತಿ ಶನಿವಾರ ಸಂಜೆ, ಎಂಜಿನ್ ತಣ್ಣಗಾದ ಮೇಲೆ, ಪಂಪ್‌ಸೆಟ್ಟಿನ ಪೈಪು ಹಿಡಿದು ಸೀಳುಗಳಿಂದ ಹುಲ್ಲು ಹೊರಬರೋ ತನಕ ನೀರು ಹೊಡೆಯುತ್ತಾನೆ. ಆಮೇಲೆ ಬೋಲ್ಟು ಒಂದೊಂದೇ ಬಿಗಿ ನೋಡುತ್ತಾನೆ. ಮೊದಲ ವಾರದಲ್ಲೇ ಎರಡು ಸಡಿಲವಾಗಿದ್ದವು. ಹುಲ್ಲು ಒಣಗಿರುವ ತಿಂಗಳಲ್ಲಿ ದಿನಾ ಬಗ್ಗಿ ನೋಡುತ್ತಾನೆ, ಬಿಸಿ ಗಾಡಿಯನ್ನು ಹುಲ್ಲಿನ ಮೇಲೆ ನಿಲ್ಲಿಸೋದಿಲ್ಲ. ಹ್ಯಾಂಡಲ್ ಪಕ್ಕ ಸಣ್ಣದೊಂದು ಬೆಂಕಿ ಆರಿಸೋ ಸಿಲಿಂಡರ್ ಕಟ್ಟಿದ್ದಾನೆ. ಹೋದ ಸಲ ಹೋದಾಗ ನಾನೂ ಮಂಡಿ ಊರಿ ಹೊಟ್ಟೆ ನೋಡಿದೆ. ಮುಂದಿನ ತುಂಡಿನಲ್ಲಿ ಒಂದು ಗೇಣುದ್ದದ ಗೀರು, ಅದರ ತುದಿಯಲ್ಲಿ ಹೆಬ್ಬೆಟ್ಟು ಹೂಳುವಷ್ಟು ತಗ್ಗು. ಅದು ಸರಿಯಾಗಿ ಆಯಿಲ್ ಬೋಲ್ಟಿನ ಮುಂದೆ ಬಿದ್ದಿತ್ತು. ಯಾವಾಗ ತಗುಲಿತೋ ಅಂದೆ. ಹುಡುಗನಿಗೆ ನೆನಪೇ ಇರಲಿಲ್ಲ.